ಕೋಪರಖೈರಣೆಯಲ್ಲಿ ನಮ್ಮ ತೀರ್ಥರೂಪರು

ಥಾಣೆ ಖಾಡಿಯ ಪೂರ್ವದ ದಂಡೆಯಲ್ಲಿರುವ ಕೋಪರಖೈರಣೆ ಮೊದಲು ಆಗ್ರಿ, ಕೋಲಿ ಜನರ ಹಳ್ಳಿ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆ ಅದರ ಸುತ್ತ ಸೆಕ್ಟರುಗಳನ್ನು ಹೂಡಿ ಸಾಲುಮನೆಗಳನ್ನು ಕಟ್ಟಿತು. 2004ರಲ್ಲಿ ಥಾಣೆಯಿಂದ ರೈಲೂ ಬಂದಿತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ ನಮ್ಮ ತೀರ್ಥರೂಪರು ತಮ್ಮ ಕೊನೆಯ ವರ್ಷಗಳನ್ನು ಕಳೆದುದು ಇಲ್ಲಿಯೇ.

ಅವರ ಕಸುಬನ್ನು ವಾಚಕರಲ್ಲಿ ಕೆಲವರು ಕಂಡಿರಲಾರರು. ಒಣಗಿಸಿದ ಆಲೆಮರದ ಬಿಳಿಯ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯಿಂದ ಆಕಾರ ಕೊಡುವರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುತ್ತದೆ. ಮೇಲೆ ಕೇದಗೆಯ ಎಲೆ ಹಿಡಿದರೆ ಹೊಳಪು. “ಕೂಸು ಬಾಯಿಗಿಡುವ ವಸ್ತು, ಸಿಬಿರು ಇರಬಾರದು” ಎಂದು ತೀರ್ಥರೂಪರು ಪ್ರತಿಯೊಂದನ್ನೂ ತಮ್ಮ ಕೆನ್ನೆಗೆ ಒತ್ತಿ ನೋಡುತ್ತಿದ್ದರು.

ನಮ್ಮನ್ನು ಮಾತ್ರ ಲೇತಿನ ಬಳಿ ಕೂರಿಸಲಿಲ್ಲ. ಬೊಂಬೆ ಮಾರಿದ ಹಣದಲ್ಲಿ ಬಿ.ಎ. ಓದಿಸಿ, ಗುಮಾಸ್ತೆಯ ಕುರ್ಚಿಗೆ ಕಳುಹಿಸಿದರು. ಇಲ್ಲಿ ಸಂಜೆ ತಿರುಗಾಡುವಾಗ ಅವರ ಕಣ್ಣು ಬಾಗಿಲು ಕಿಟಕಿಗಳ ಮೇಲೆಯೇ ಇರುತ್ತಿತ್ತು. ಒಂದೇ ಅಚ್ಚಿನ ಮನೆಗಳ ಮೇಲೆ ಜನರು ಅಂತಸ್ತು ಏರಿಸಿ, ಜಾಲರಿ ಬಿಗಿದು, ಒಂದೊಂದನ್ನು ಒಂದೊಂದು ತೆರನಾಗಿ ಮಾಡಿಕೊಂಡಿದ್ದಾರೆ. “ಅಚ್ಚು ಸರ್ಕಾರದ್ದು, ಕೈ ಇವರದು” ಎಂದು ಮೆಚ್ಚುತ್ತಿದ್ದರು.

ಅವರು ತೀರಿಕೊಂಡ ಮೇಲೆ ಚನ್ನಪಟ್ಟಣಕ್ಕೆ ಹೋಗಿ, ಲೇತನ್ನು ನೆರೆಯ ಹುಡುಗನೊಬ್ಬನಿಗೆ ಒಪ್ಪಿಸಿ ಬಂದೆವು. ಅದು ನಿಲ್ಲಬಾರದೆಂಬುದು ಅವರ ಇಚ್ಛೆಯಾಗಿತ್ತು. ನಮ್ಮ ಪಾಲಿಗೆ ಬಂದುದು ಒಂದು ಕೆಂಪು ಗಿಲಕಿ. ಅದನ್ನು ಹೊಸ್ತಿಲ ಮೇಲೆ ಕುಳಿತು ಆಡಿಸುವ ನಮ್ಮ ಮಗುವಿಗೆ ಚನ್ನಪಟ್ಟಣ ಎಲ್ಲಿದೆಯೆಂದು ಇನ್ನೂ ತಿಳಿಯದು. ಅಜ್ಜನ ಕೈಯ ನುಣುಪು ಚೆನ್ನಾಗಿ ತಿಳಿದಿದೆ.