ನನ್ನ ಬ್ಯಾಟರಿ ಗಾಡಿ

ಯಂತ್ರವನ್ನು ಕೊಳ್ಳುವುದು ಒಂದು ಕೆಲಸ. ಅದನ್ನು ಬಾಳಿಸುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ಹಣದ ಜೊತೆಗೆ ತಾಳ್ಮೆ ಬೇಕು, ತಿಳಿವಳಿಕೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಕರೆದಾಗ ಬಂದು ಕೈಹಾಕುವ ಕಸಬುದಾರನೊಬ್ಬ ಬೇಕು. ನಮ್ಮ ಹಿರಿಯರ ಕಾಲದ ಎತ್ತಿನ ಗಾಡಿಗೆ ಈ ಕೊರತೆಯಿರಲಿಲ್ಲ. ಗಾಲಿ ಮುರಿದರೆ ಊರಿನ ಬಡಗಿಯಿದ್ದನು. ಗಾಲಿಯ ಕಬ್ಬಿಣದ ಹಳಿ ಸಡಿಲವಾದರೆ ಕಮ್ಮಾರನಿದ್ದನು. ಕಡಾಣಿ ಕಳೆದುಹೋದರೆ ಗಾಡಿಯವನೇ ದಾರಿಯ ಪಕ್ಕದ ಜಾಲಿಯ ಕೊಂಬೆಯೊಂದನ್ನು ಕೆತ್ತಿ ಸಿಕ್ಕಿಸಿ ಮನೆ ಸೇರುತ್ತಿದ್ದನು. ಗಾಡಿ ನಿಧಾನವಾಗಿ ಹೋಗುತ್ತಿತ್ತು, ನಿಜ. ಆದರೆ ಅದು ನಿಂತುಹೋದರೆ ಏಕೆ ನಿಂತಿತೆಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ನಾನು ಮೂರು ವರ್ಷಗಳಿಂದ ವಿದ್ಯುತ್ತಿನಿಂದ ಓಡುವ ಮೋಟಾರು ಸೈಕಲ್ಲೊಂದನ್ನು ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಇದನ್ನು ಬ್ಯಾಟರಿ ಗಾಡಿಯೆಂದೇ ಕರೆಯುತ್ತಾರೆ. ನನ್ನ ಮನೆಯಿರುವುದು ತಿಪಟೂರಿನಲ್ಲಿ. ಪಾಠ ಹೇಳುವ ಶಾಲೆ ಅಲ್ಲಿಂದ 14 ಕಿಲೋಮೀಟರು ದೂರದ ಹಳ್ಳಿಯಲ್ಲಿ. ರಾತ್ರಿ ಮಲಗುವ ಮುನ್ನ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ಗಾಡಿಯ ಹೊಟ್ಟೆ ತುಂಬಿರುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲ್ ಬಂಕಿನ ಮುಂದೆ ಸಾಲುಗಟ್ಟಿ ನಿಲ್ಲುವ ಕಷ್ಟವಿಲ್ಲ. ಮುಂಜಾನೆ ತೆಂಗಿನ ತೋಟಗಳ ನಡುವೆ ಹಾಯ್ದು ಹೋಗುವಾಗ ಹಕ್ಕಿಗಳ ಕೂಗು ಕೇಳಿಸುತ್ತದೆ. ಮೊದಲ ವರ್ಷವೆಲ್ಲ ಸಿಕ್ಕಿದವರೆದುರು ಅದನ್ನು ಹೊಗಳುವುದೇ ನನ್ನ ಕೆಲಸವಾಗಿತ್ತು.

ವಿದ್ಯುತ್ ವಾಹನವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ವಿದ್ಯುತ್ ಪ್ರವಾಹದಿಂದ ನಿರಂತರವಾದ ತಿರುಗುವ ಚಲನೆಯನ್ನು ಉಂಟುಮಾಡಬಹುದೆಂದು ಮೈಕೇಲ್ ಫ್ಯಾರಡೆ 1821ರಲ್ಲಿಯೇ ತೋರಿಸಿದ್ದನು. 1881ರಲ್ಲಿ ಗುಸ್ತಾವ್ ಟ್ರೂವೆ ಎಂಬಾತನು ಪ್ಯಾರಿಸ್ ನಗರದ ಬೀದಿಯಲ್ಲಿ ಮೂರು ಚಕ್ರದ ಸೈಕಲ್ಲಿಗೆ ವಿದ್ಯುತ್ ಮೋಟಾರನ್ನು ಜೋಡಿಸಿ ಓಡಿಸಿದನು. ಆದರೆ ಅಂದಿನ ಸೀಸದ ಬ್ಯಾಟರಿಗಳು ಬಹಳ ಭಾರವಾಗಿದ್ದವು. ಅವು ಹೊರುತ್ತಿದ್ದ ಶಕ್ತಿ ಅಲ್ಪ. ಆದುದರಿಂದ ಪೆಟ್ರೋಲ್ ಎಂಜಿನ್ನು ಮುಂದಾಯಿತು. 1991ರಲ್ಲಿ ಹಗುರವಾದ ಲಿಥಿಯಂ ಅಯಾನ್ ಬ್ಯಾಟರಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೇಲೆ ಕ್ರಮೇಣ ಕಾಲ ಬದಲಾಯಿತು. ಆ ಬ್ಯಾಟರಿಗೆ ಬುನಾದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಈ ಗಾಡಿಯ ಒಳರಚನೆಯನ್ನು ನೋಡಿದರೆ, ಇದರಲ್ಲಿ ಕೆಡುವುದಕ್ಕೆ ಏನಿದೆ ಎನ್ನಿಸುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ನು, ವಾಲ್ವು, ಕ್ಲಚ್ಚು, ಗೇರು ಮುಂತಾದ ಹಲವಾರು ಭಾಗಗಳು ಒಂದನ್ನೊಂದು ಉಜ್ಜುತ್ತ ಓಡಾಡುತ್ತವೆ. ವಿದ್ಯುತ್ ಮೋಟಾರಿನಲ್ಲಿಯಾದರೋ ಬೇರಿಂಗಿನ ಮೇಲೆ ತಿರುಗುವ ಭಾಗ ಒಂದೇ. ಎಣ್ಣೆ ಬದಲಾಯಿಸಬೇಕಾಗಿಲ್ಲ, ಸ್ಪಾರ್ಕ್ ಪ್ಲಗ್ ಒರೆಸಬೇಕಾಗಿಲ್ಲ. ಇಷ್ಟು ಸರಳವಾದ ಯಂತ್ರ ಎರಡನೆಯ ವರ್ಷದ ಮಳೆಗಾಲದಲ್ಲಿ, ಊರಿಗೆ ಇನ್ನೂ ನಾಲ್ಕು ಕಿಲೋಮೀಟರು ಇರುವಾಗ, ನಡುದಾರಿಯಲ್ಲಿ ನಿಂತುಬಿಟ್ಟಿತು. ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಹೊತ್ತಿಕೊಂಡಿತು. ಗಾಡಿ ಸದ್ದಿಲ್ಲದೆ ಓಡುತ್ತಿದ್ದಂತೆಯೇ ಸದ್ದಿಲ್ಲದೆ ನಿಂತಿತು. ನಾನು ಅದನ್ನು ಮಳೆಯಲ್ಲಿ ತಳ್ಳಿಕೊಂಡು ಬಂದೆನು.

ನಮ್ಮ ಬೀದಿಯ ಕೊನೆಯಲ್ಲಿ ಮೆಕ್ಯಾನಿಕ್ ಸಾಬರ ಅಂಗಡಿಯಿದೆ. ಮೂವತ್ತು ವರ್ಷಗಳಿಂದ ಊರಿನ ಸ್ಕೂಟರು, ಮೋಟಾರು ಸೈಕಲ್ಲುಗಳನ್ನೆಲ್ಲ ರಿಪೇರಿ ಮಾಡಿದ ಕೈ ಅವರದು. ಅವರು ಗಾಡಿಯನ್ನು ಓರೆಮಾಡಿ, ಹಿಂದಿನ ಚಕ್ರದಲ್ಲಿರುವ ಮೋಟಾರಿಗೆ ಹೋಗುವ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸಣ್ಣ ತಂತಿಗಳು ಕೂಡುವ ಜಾಗದಲ್ಲಿ ನೀರು ಹೊಕ್ಕು ಹಸಿರು ಕಿಲುಬು ಹಿಡಿದಿತ್ತು. ಮೋಟಾರಿನೊಳಗೆ ಮೂರು ಪುಟ್ಟ ಸೆನ್ಸರುಗಳಿವೆ. ಚಕ್ರ ಈಗ ಯಾವ ಸ್ಥಾನದಲ್ಲಿದೆಯೆಂಬುದನ್ನು ಅವು ಕಂಟ್ರೋಲರ್ ಎಂಬ ಪೆಟ್ಟಿಗೆಗೆ ತಿಳಿಸುತ್ತಿರುತ್ತವೆ. ಅದನ್ನನುಸರಿಸಿ ಕಂಟ್ರೋಲರು ಮೋಟಾರಿನ ಸುರುಳಿಗಳಿಗೆ ಸರದಿಯಂತೆ ವಿದ್ಯುತ್ತನ್ನು ಹಾಯಿಸುತ್ತದೆ. ಒಂದು ಸೆನ್ಸರಿನ ಮಾತು ಕೇಳಿಸದಿದ್ದರೂ ಅದಕ್ಕೆ ದಿಕ್ಕು ತೋಚದಂತಾಗುತ್ತದೆ. ಸಾಬರು ಕಿಲುಬನ್ನು ಕೆರೆದು, ತಂತಿಯ ತುದಿಯನ್ನು ಬೆಸುಗೆ ಹಾಕಿ, ರಬ್ಬರಿನ ಕವಚ ತೊಡಿಸಿದರು. ಆದರೂ ಕೆಂಪು ದೀಪ ಆರಲಿಲ್ಲ, ಗಾಡಿ ಕದಲಲಿಲ್ಲ. ಒಮ್ಮೆ ದಾಖಲಾದ ದೋಷವನ್ನು ಅಳಿಸಬೇಕಾದರೆ ಕಂಪನಿಯ ಕಂಪ್ಯೂಟರನ್ನೇ ಜೋಡಿಸಬೇಕಂತೆ. ಅದರ ಗುಪ್ತಪದ ಹೊರಗಿನವರಿಗೆ ಸಿಗುವುದಿಲ್ಲವಂತೆ.

"ಮೇಷ್ಟ್ರೇ, ಕಾಯಿಲೆ ವಾಸಿಯಾಗಿದೆ. ವಾಸಿಯಾಗಿದೆ ಎಂದು ಗಾಡಿಗೆ ಹೇಳುವವರು ಮಾತ್ರ ತುಮಕೂರಿನಲ್ಲಿದ್ದಾರೆ" ಎಂದರು ಸಾಬರು.

ತುಮಕೂರು ನಮ್ಮೂರಿನಿಂದ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ಓಡಲೆಂದು ಕೊಂಡ ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹೊರಿಸಿ ಕಳುಹಿಸಿದೆನು. ಪೆಟ್ರೋಲಿಲ್ಲದೆ ಎರಡು ತಿಂಗಳಲ್ಲಿ ಉಳಿದಿದ್ದ ಹಣ ಸಾಗಣೆಯ ಬಾಡಿಗೆಗೇ ಹೋಯಿತು. ಅಲ್ಲಿ ನನ್ನದಕ್ಕಿಂತ ಮುಂಚೆ ಬಂದ ಗಾಡಿಗಳು ಸಾಲಾಗಿ ನಿಂತಿದ್ದವು. ಐದನೆಯ ದಿನ ನನ್ನ ಸರದಿ ಬಂದಾಗ ಕೆಲಸ ಹತ್ತು ನಿಮಿಷಗಳಲ್ಲಿ ಮುಗಿಯಿತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯ ಅರ್ಥ ನನಗೆ ಅಂದು ಚೆನ್ನಾಗಿ ಮನದಟ್ಟಾಯಿತು.

ಆಮೇಲೆ ಜನವರಿಯಲ್ಲಿ ಚಾರ್ಜರು ಸುಟ್ಟುಹೋಯಿತು. ಬೇರೆ ಚಾರ್ಜರು ಬರಲು ಹತ್ತೊಂಬತ್ತು ದಿನ ಹಿಡಿಯಿತು. ದೂರವಾಣಿಯಲ್ಲಿ ವಿಚಾರಿಸಿದಾಗಲೆಲ್ಲ, ನನ್ನ ಕರೆ ಅವರಿಗೆ ಅಮೂಲ್ಯವಾದುದೆಂದು ಮುದ್ರಿತವಾದ ಧ್ವನಿಯೊಂದು ಹೇಳುತ್ತಿತ್ತು. ಚಾರ್ಜರು ಎಂದು ಬರುವುದೆಂದು ಮಾತ್ರ ಹೇಳುತ್ತಿರಲಿಲ್ಲ. ನಮ್ಮ ಹಳ್ಳಿಗೆ ಬೆಳಗಿನ ಬಸ್ಸು ಬರುವುದು ಶಾಲೆ ಆರಂಭವಾದ ಮೇಲೆ. ಪರೀಕ್ಷೆ ಹತ್ತಿರ ಬಂದಿದ್ದ ಹತ್ತನೆಯ ತರಗತಿಯ ಮಕ್ಕಳಿಗೆ ಮೊದಲ ಅವಧಿಯ ಗಣಿತದ ಪಾಠ ಅಷ್ಟು ದಿನವೂ ತಪ್ಪಿತು. ಅದನ್ನು ತುಂಬಿಕೊಡಲು ಸಂಜೆ ಅವರನ್ನು ನಿಲ್ಲಿಸಿಕೊಳ್ಳಬೇಕಾಯಿತು. ದೂರದ ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರಬೇಕೆಂದು ಗಡಿಯಾರ ನೋಡುತ್ತ ಕುಳಿತಿರುತ್ತಿದ್ದರು. ಕೆಟ್ಟದ್ದು ನನ್ನ ಚಾರ್ಜರು. ಅದರ ಕಷ್ಟ ಅವರ ಪಾಲಿಗೂ ಬಂದಿತು.

ಬೀಗ ಹಾಕುವುದಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಬ್ಯಾಟರಿಯ ವಿಷಯದಲ್ಲಿ ಅದು ಅವಶ್ಯ. ಬ್ಯಾಟರಿಯೆಂದರೆ ಒಂದೇ ವಸ್ತುವಲ್ಲ. ಅನೇಕ ಸಣ್ಣ ಕೋಶಗಳ ಕೂಟ. ಒಂದು ಕೋಶದ ಒತ್ತಡ ಸುಮಾರು 3.6 ವೋಲ್ಟು, ಅಂಥ ಹದಿನಾಲ್ಕನ್ನು ಸರಣಿಯಲ್ಲಿ ಜೋಡಿಸಿದರೆ ಸುಮಾರು 50 ವೋಲ್ಟು ದೊರೆಯುತ್ತದೆ. ಯಾವ ಕೋಶವೂ ಮಿತಿಮೀರಿ ತುಂಬದಂತೆ, ಬರಿದಾಗದಂತೆ, ಕಾಯದಂತೆ ಕಾಯುವ ಒಂದು ವಿದ್ಯುನ್ಮಾನ ಫಲಕ ಒಳಗಿರುತ್ತದೆ. ತಿಳಿಯದವರು ಇದನ್ನು ಕೆಣಕಿದರೆ ಬೆಂಕಿಯೇಳಬಹುದು. 2022ರಲ್ಲಿ ನಮ್ಮ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಸರ್ಕಾರವು ಬ್ಯಾಟರಿಯ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಿತು. ಅದು ಸರಿಯಾದ ಕ್ರಮವೇ. ಆದರೆ ಬ್ಯಾಟರಿಗೆ ಹಾಕುವ ಬೀಗವನ್ನು ತಂತಿಗೂ ದೀಪಕ್ಕೂ ಚಾರ್ಜರಿಗೂ ಹಾಕಬೇಕೆ? ಮನೆಯ ಕಬ್ಬಿಣದ ಪೆಟ್ಟಿಗೆಗೆ ಬೀಗ ಬೇಕು. ನೀರಿನ ಕೊಡಕ್ಕೆ ಬೇಕಿಲ್ಲ.

ಈ ಪ್ರಶ್ನೆಯನ್ನು ಕೇಳಿದವನು ನಾನೊಬ್ಬನೇ ಅಲ್ಲ. ಫ್ರಾನ್ಸ್ ದೇಶದಲ್ಲಿ 2021ರಿಂದ ಮೊಬೈಲು, ದೂರದರ್ಶನ ಮುಂತಾದ ಕೆಲವು ವಸ್ತುಗಳ ಮೇಲೆ, ಅವುಗಳನ್ನು ರಿಪೇರಿ ಮಾಡುವುದು ಎಷ್ಟು ಸುಲಭವೆಂಬುದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ನಮೂದಿಸುವ ನಿಯಮ ಬಂದಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈ ತಿಂಗಳಲ್ಲಿ ರಿಪೇರಿಯ ಹಕ್ಕಿನ ಬಗೆಗೆ ಸಮಿತಿಯೊಂದನ್ನು ರಚಿಸಿತು. ಆ ವರ್ಷದ ಡಿಸೆಂಬರಿನಲ್ಲಿ, ತಯಾರಕರು ರಿಪೇರಿಯ ವಿವರಗಳನ್ನು ಗ್ರಾಹಕರಿಗೆ ಒದಗಿಸಲೆಂದು ಒಂದು ಜಾಲತಾಣವನ್ನೂ ತೆರೆಯಿತು. ಹಣ ಕೊಟ್ಟು ಕೊಂಡವನಿಗೆ ಅದನ್ನು ತನಗೆ ಬೇಕಾದ ಕಡೆ ಸರಿಪಡಿಸಿಕೊಳ್ಳುವ ಅಧಿಕಾರವಿರಬೇಕು ಎಂಬುದೇ ಈ ಹಕ್ಕಿನ ತಿರುಳು.

ಇದರಲ್ಲಿ ಕೊಂಡವರ ಹಿತ ಮಾತ್ರವಲ್ಲ, ಕಸಬುದಾರರ ಅನ್ನವೂ ಅಡಗಿದೆ. "ಬ್ಯಾಟರಿ ಗಾಡಿಗಳು ಹೆಚ್ಚುತ್ತಿವೆ, ಮೇಷ್ಟ್ರೇ. ಎಲ್ಲವೂ ಬೀಗ ಹಾಕಿಕೊಂಡೇ ಬಂದರೆ ನನ್ನ ಮಗ ಈ ಅಂಗಡಿಯಲ್ಲಿ ಕುಳಿತು ಏನು ಮಾಡಬೇಕು?" ಎಂದು ಸಾಬರು ಒಮ್ಮೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಅವರ ಮಗನೇ ಹುಡುಕಿಕೊಂಡಿದ್ದಾನೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಈಗ ವಿದ್ಯುತ್ ವಾಹನಗಳ ಮೆಕ್ಯಾನಿಕ್ ಎಂಬ ಕಲಿಕೆಯೂ ಸೇರಿದೆ; ಆ ಹುಡುಗ ಅದಕ್ಕೆ ಸೇರಿದ್ದಾನೆ. ರಜೆಯಲ್ಲಿ ಬಂದಾಗ ತಂದೆಗೆ ಮಲ್ಟಿಮೀಟರಿನ ಮುಳ್ಳು ಹಿಡಿಯುವ ಬಗೆಯನ್ನು ತೋರಿಸಿಕೊಡುತ್ತಾನೆ. ತಂದೆ ಮಗನಿಗೆ, ಬೋಲ್ಟಿನ ಮರೆ ಹಾಳಾಗದಂತೆ ಬಿಚ್ಚುವ ಬಗೆಯನ್ನು ತೋರಿಸುತ್ತಾರೆ.

ಕೆಡದ ಯಂತ್ರವನ್ನು ಯಾರೂ ಮಾಡಿಲ್ಲ, ಮುಂದೆಯೂ ಮಾಡಲಾರರು. ಆದುದರಿಂದ ಯಾವುದೇ ಯಂತ್ರವನ್ನು ಕುರಿತು ನಾವು ಕೇಳಬೇಕಾದ ಪ್ರಶ್ನೆ, ಅದು ಎಷ್ಟು ವೇಗವಾಗಿ ಓಡುತ್ತದೆ ಎಂಬುದೊಂದೇ ಅಲ್ಲ. ಕೆಟ್ಟರೆ ಅದನ್ನು ಬಿಚ್ಚಬಹುದೇ? ಬಿಚ್ಚಬಲ್ಲವರು ನಮ್ಮೂರಿನಲ್ಲಿದ್ದಾರೆಯೇ? ಬಿಡಿಭಾಗ ಸಿಗುತ್ತದೆಯೇ? ಇವಕ್ಕೆ ಹೌದೆಂಬ ಉತ್ತರ ಬಂದಾಗ ಮಾತ್ರ ಆ ಯಂತ್ರ ನಿಜವಾಗಿ ನಮ್ಮದಾಗುತ್ತದೆ. ಅಲ್ಲಿಯವರೆಗೆ ಅದು ನಮ್ಮ ಮನೆಯಂಗಳದಲ್ಲಿ ನಿಂತಿರುವ ಬೇರೆಯವರ ಸೊತ್ತು. ಹೊಗೆಯಿಲ್ಲದ ವಾಹನ ನಾಡಿಗೆ ಬೇಕು, ಅದರಲ್ಲಿ ಸಂದೇಹವಿಲ್ಲ. ಅದರ ಒಳಮರ್ಮವನ್ನು ಬಲ್ಲ ಕೈಗಳೂ ಊರೂರಿನಲ್ಲಿ ಬೇಕು. ಆ ಕೈಗಳು ಇಂದು ನಿಮ್ಮ ತರಗತಿಯಲ್ಲಿಯೇ ಪುಸ್ತಕ ಹಿಡಿದು ಕುಳಿತಿರಬಹುದು.