ಹಾಡಿನ ಹಿಂದೆ ನಿಂತವರು

ನನ್ನ ಟ್ರಂಕಿನ ತಳದಲ್ಲಿ ನೂರು ಪುಟದ ಒಂದು ಹಳೆಯ ನೋಟುಬುಕ್ಕಿದೆ. ಅದರಲ್ಲಿ ಹನ್ನೊಂದು ಭಜನೆಯ ಪದಗಳನ್ನು ಬರೆದಿದೆ. ಆಮೇಲಿನ ಹಾಳೆಗಳೆಲ್ಲ ಖಾಲಿ. ಅಕ್ಷರಗಳು ನನ್ನವು, ಪದಗಳು ನಮ್ಮ ಮುತ್ಯಾನ ಬಾಯಿಂದ ಬಂದವು. ಆ ಖಾಲಿ ಹಾಳೆಗಳ ಕಥೆಯನ್ನೇ ಈ ಸಲದ ಸಂಚಿಕೆಗೆ ಬರೆಯಬೇಕೆಂದು ಕುಳಿತಿದ್ದೇನೆ.

ನಮ್ಮ ಊರು ವಲಾಂಡಿ. ಉದಗೀರ, ನಿಲಂಗಾ, ದೇವಣಿಗಳ ನಡುವಿನ ಸೀಮೆ. ದೇವಣಿ ಎಂದರೆ ಎತ್ತುಗಳ ಹೆಸರಿನಿಂದ ಎಲ್ಲರಿಗೂ ಗೊತ್ತು. 1956ರವರೆಗೆ ಈ ಭಾಗ ಬೀದರ ಜಿಲ್ಲೆಯಲ್ಲಿಯೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಗಡಿಯ ಆಚೆಗೆ ಹೋಯಿತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಹಳೆಯ ಕಾಗದಪತ್ರಗಳಲ್ಲಿ ಉರ್ದು, ಹೀಗೆ ಮೂರು ಭಾಷೆಗಳಲ್ಲಿ ನಮ್ಮ ಹಿರಿಯರ ಬಾಳು ಸಾಗಿತ್ತು. ಮುತ್ಯಾ ನಿಜಾಮರ ಕಾಲದಲ್ಲಿ ಶಾಲೆಗೆ ಹೋದವನು. ಆಗ ಕಲಿಸುತ್ತಿದ್ದುದು ಉರ್ದು. ಹೀಗಾಗಿ ಅವನಿಗೆ ಕನ್ನಡ ಮಾತನಾಡಲು ಬರುತ್ತಿತ್ತು, ಹಾಡಲು ಬರುತ್ತಿತ್ತು, ಆದರೆ ಬರೆಯಲು ಬರುತ್ತಿರಲಿಲ್ಲ.

ಅವನು ನಮ್ಮ ಊರ ಭಜನಾ ಮೇಳದ ಮುಂದಾಳು. ಒಂದು ಪೇಟಿ, ಒಂದು ತಬಲಾ, ಒಂದು ಏಕತಾರಿ, ನಾಲ್ಕು ಜೋಡಿ ತಾಳ. ಎಂದೋ ನಮ್ಮ ಊರಿಗೆ ಬಂದು ಮಠದ ಕಟ್ಟೆಯ ಮೇಲೆ ಕೆಲವು ವರ್ಷ ಇದ್ದು ಹೋದ ಒಬ್ಬ ಸಾಧು ಕಟ್ಟಿದ ಪದಗಳೆಂದರೆ ಮುತ್ಯಾನಿಗೆ ಪ್ರಾಣ. ಅಂಥವು ನಾಲ್ವತ್ತರ ಮೇಲೆ ಇದ್ದವು. ಮೇಳದ ಹುಡುಗರು ಸಿನಿಮಾ ಧಾಟಿಯ ಹಾಡು ಬೇಕೆಂದು ಹಟ ಹಿಡಿದರೆ, “ಅವು ಹಾಡ್ಲಿಕ್ಕ ಊರ ತುಂಬ ಮಂದಿ ಅದಾರ. ಇವಕ್ಕ ನಾವ್ ಬಿಟ್ರ ಯಾರದಾರ?” ಎನ್ನುತ್ತಿದ್ದನು.

ನಾನು ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದುತ್ತಿದ್ದೆ. 1978ರ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮುತ್ಯಾ ಈ ನೋಟುಬುಕ್ಕನ್ನು ಕೈಗಿತ್ತು, “ತಮ್ಮಾ, ನಿನಗ ಕನ್ನಡ ಬರೀಲಿಕ್ಕ ಬರ್ತದ. ನಾ ಹೇಳ್ತೀನಿ, ನೀ ಬರಕೋ” ಎಂದನು. ದಿನಕ್ಕೊಂದರಂತೆ ಹನ್ನೊಂದು ದಿನ ಬರೆದೆ. ಹನ್ನೆರಡನೆಯ ದಿನ ಗೆಳೆಯರು ಬಾವಿಗೆ ಈಜಲು ಕರೆದರು. “ನಾಳೆ ಬರೀತೀನಿ ಮುತ್ಯಾ” ಎಂದು ಓಡಿದೆ. ಆ ನಾಳೆ ದಸರೆಯ ರಜೆಗೆ ಹೋಯಿತು, ಮತ್ತೆ ಮುಂದಿನ ಬೇಸಿಗೆಗೆ ಹೋಯಿತು. ಆ ಬೇಸಿಗೆ ಬರುವ ಮೊದಲೇ ಮುತ್ಯಾ ತೀರಿಕೊಂಡನು. ಮೇಳವೂ ಒಡೆಯಿತು.

ಈ ಸಂಗತಿಯನ್ನು ನಾನು ಬಹಳ ವರ್ಷ ಮರೆತೇ ಇದ್ದೆ. ನೆನಪಿಸಿದವರು ಯಾರು ಬಲ್ಲಿರಾ? ಮೈಸೂರಿನ ಮಹಾರಾಜರು! 2019ರಲ್ಲಿ ಶ್ರೀ ಜಯಚಾಮರಾಜ ಒಡೆಯರ್ ಅವರ ಜನ್ಮಶತಮಾನೋತ್ಸವ ನಡೆಯಿತು. ಆಗ ಅವರ ವಿಷಯವಾಗಿ ಓದುತ್ತಿರುವಾಗ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರ ಹೆಸರನ್ನು ಮೊದಲ ಸಲ ಕಂಡೆ.

ವಿದ್ಯಾರ್ಥಿಗಳೇ, ಮೊದಲು ಒಂದು ಮಾತು ತಿಳಿದುಕೊಳ್ಳಿರಿ. ಪಾಶ್ಚಾತ್ಯ ಸಂಗೀತದಲ್ಲಿ ರಚನೆಕಾರನು ಪ್ರತಿಯೊಂದು ವಾದ್ಯದ ಸ್ವರವನ್ನೂ ಕಾಗದದ ಮೇಲೆ ಬರೆದಿಡುತ್ತಾನೆ. ಅದನ್ನು ನುಡಿಸಲು ಎಂಬತ್ತು ತೊಂಬತ್ತು ಜನರ ದೊಡ್ಡ ವಾದ್ಯವೃಂದ ಬೇಕು. ಅದಕ್ಕೆ ಆರ್ಕೆಸ್ಟ್ರಾ ಎನ್ನುತ್ತಾರೆ. ಅವರ ಮುಂದೆ ಕೈಯಲ್ಲಿ ಸಣ್ಣ ಕೋಲು ಹಿಡಿದು ನಿಲ್ಲುವವನು ಕಂಡಕ್ಟರ್. ಬಸ್ಸಿನ ಕಂಡಕ್ಟರ್ ಅಲ್ಲ! ಇವನು ಯಾವ ವಾದ್ಯವನ್ನೂ ನುಡಿಸುವುದಿಲ್ಲ. ಆದರೆ ಎಲ್ಲರನ್ನೂ ಒಂದೇ ತಾಳದಲ್ಲಿ ನಡೆಸುತ್ತಾನೆ. ನಮ್ಮ ಮೇಳದಲ್ಲಿ ತಾಳ ಹಿಡಿದ ಮುತ್ಯಾ ಮಾಡುತ್ತಿದ್ದುದು ಹೆಚ್ಚು ಕಡಿಮೆ ಇದೇ ಕೆಲಸ. ಎಷ್ಟು ಚೆನ್ನಾಗಿ ಬರೆದಿಟ್ಟರೂ, ಇಂಥವರು ಕೈಗೆತ್ತಿಕೊಳ್ಳದಿದ್ದರೆ ಸಂಗೀತ ಕಾಗದದಲ್ಲಿಯೇ ಮಲಗಿರುತ್ತದೆ.

ಬಾಖ್ ಎಂಬ ಜರ್ಮನಿಯ ಮಹಾನ್ ಸಂಗೀತಗಾರನಿಗೂ ಇದೇ ಗತಿ ಬಂದಿತ್ತು. ಅವನು 1750ರಲ್ಲಿ ತೀರಿಕೊಂಡ ಮೇಲೆ ಅವನ ದೊಡ್ಡ ರಚನೆಗಳು ಸಾರ್ವಜನಿಕರ ಕಿವಿಗೆ ಬೀಳುವುದೇ ಅಪರೂಪವಾಯಿತು. 1829ರ ಮಾರ್ಚ್ 11ರಂದು ಬರ್ಲಿನ್ ನಗರದಲ್ಲಿ ಮೆಂಡೆಲ್‌ಸೋನ್ ಎಂಬ ಇಪ್ಪತ್ತು ವರ್ಷದ ತರುಣನು ಬಾಖ್‌ನ ಒಂದು ದೊಡ್ಡ ಕೃತಿಯನ್ನು ತಾನೇ ಮುಂದೆ ನಿಂತು ನಡೆಸಿಕೊಟ್ಟನು. ಅಲ್ಲಿಂದ ಬಾಖ್‌ನಿಗೆ ಮರುಜೀವ ಬಂತು. ಇಪ್ಪತ್ತು ವರ್ಷವೆಂದರೆ ನಿಮ್ಮ ಅಣ್ಣಂದಿರ ವಯಸ್ಸು ಎಂಬುದನ್ನು ಗಮನಿಸಿರಿ.

ಮೆಟ್ನರ್ ಅವರ ಕಥೆಯೂ ಅಂಥದೇ. ಅವರು 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದರು. ಪಿಯಾನೋ ವಾದನದಲ್ಲಿ ಹೆಸರು ಪಡೆದರು. ರಷ್ಯಾದಲ್ಲಿ ಕ್ರಾಂತಿಯಾದ ಬಳಿಕ 1921ರಲ್ಲಿ ದೇಶ ಬಿಟ್ಟು, ಜರ್ಮನಿ, ಫ್ರಾನ್ಸ್ ಸುತ್ತಿ, ಕಡೆಗೆ ಲಂಡನ್ನಿನಲ್ಲಿ ನೆಲೆಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆದಾಯ ನಿಂತುಹೋಯಿತು, ಹೃದಯದ ಬೇನೆ ಹತ್ತಿತು. ಹೊಸ ಹೊಸ ರೀತಿಯ ಸಂಗೀತದ ಗದ್ದಲದಲ್ಲಿ ಅವರ ರಚನೆಗಳನ್ನು ಕೇಳುವವರು ಕಡಿಮೆಯಾದರು.

ಅತ್ತ ಮೈಸೂರಿನ ಅರಮನೆಯಲ್ಲಿ ಅವರ ಸಂಗೀತಕ್ಕೆ ಮನಸೋತ ಒಬ್ಬ ತರುಣರಿದ್ದರು. ಜಯಚಾಮರಾಜ ಒಡೆಯರ್ ಅವರಿಗೆ ತಾವು ದೊಡ್ಡ ಪಿಯಾನೋ ವಾದಕರಾಗಬೇಕೆಂಬ ಆಸೆಯಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಗತಿಸಿದರು. ಇಪ್ಪತ್ತೊಂದು ವರ್ಷಕ್ಕೇ ಸಿಂಹಾಸನ ಏರಬೇಕಾಯಿತು. ಪಿಯಾನೋದ ಆಸೆ ಹಾಗೆಯೇ ಉಳಿಯಿತು. ತಾವು ಆಗದಿದ್ದರೇನು, ತಾವು ಮೆಚ್ಚಿದ ಸಂಗೀತ ಬದುಕಲಿ ಎಂದು ಅವರು ಮೆಟ್ನರ್ ಅವರ ಬೆನ್ನಿಗೆ ನಿಂತರು. ಅವರ ನೆರವಿನಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಮೆಟ್ನರ್ ಅವರ ರಚನೆಗಳನ್ನು ಗ್ರಾಮಾಫೋನ್ ತಟ್ಟೆಗಳಲ್ಲಿ ಹಿಡಿದಿಡುವುದೇ ಅದರ ಉದ್ದೇಶ. 1947ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಆ ವೃದ್ಧರು ತಾವೇ ಪಿಯಾನೋ ಮುಂದೆ ಕುಳಿತು ತಮ್ಮ ಮೂರು ಕಾನ್ಸರ್ಟೋಗಳನ್ನು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದೊಂದಿಗೆ ನುಡಿಸಿದರು. ಎರಡಕ್ಕೆ ಇಸ್ಸಾಯ್ ಡೊಬ್ರೊವೆನ್, ಒಂದಕ್ಕೆ ಜಾರ್ಜ್ ವೆಲ್ಡನ್ ಕಂಡಕ್ಟರಾಗಿದ್ದರು. ಮೂರನೆಯ ಕಾನ್ಸರ್ಟೋವನ್ನು ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ನಾಲ್ಕು ವರ್ಷಗಳ ನಂತರ, 1951ರಲ್ಲಿ, ಅವರು ಕಣ್ಣು ಮುಚ್ಚಿದರು.

ಮಹಾರಾಜರು ಅಷ್ಟಕ್ಕೇ ನಿಲ್ಲಲಿಲ್ಲ. ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್ನಿನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳನ್ನು ಮೊಟ್ಟಮೊದಲ ಸಲ ಹಾಡಿದಾಗ, ಆ ಕಚೇರಿಯ ಖರ್ಚಿಗೆ ಜಾಮೀನು ನಿಂತವರೂ ಇವರೇ. ಸ್ಟ್ರಾಸ್ ಅಷ್ಟರಲ್ಲಿ ತೀರಿಹೋಗಿದ್ದರು. ಹೊಲಕ್ಕೆ, ಸಾಲಕ್ಕೆ ಜಾಮೀನು ನಿಲ್ಲುವವರನ್ನು ನಾವು ಕಂಡಿದ್ದೇವೆ. ಹಾಡಿಗೆ ಜಾಮೀನು ನಿಂತವರು ಎಷ್ಟು ಜನ? ಇಷ್ಟಾಗಿ ಅವರು ಮನೆಯ ಸಂಗೀತವನ್ನೂ ಮರೆತವರಲ್ಲ. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

ಇದನ್ನೆಲ್ಲ ಓದಿದ ರಾತ್ರಿ ಮೊಬೈಲಿನಲ್ಲಿ ಹುಡುಕಿ, ಮೆಟ್ನರ್ ಅವರೇ ನುಡಿಸಿದ ಆ ಹಳೆಯ ತಟ್ಟೆಯ ಸಂಗೀತವನ್ನು ಕೇಳಿದೆ. ನನಗೆ ಆ ಸಂಗೀತದ ಶಾಸ್ತ್ರ ಏನೂ ತಿಳಿಯದು. ಸೂಜಿ ಗೀರುವ ಸದ್ದಿನ ನಡುವೆ ಒಬ್ಬ ಮುದುಕರ ಬೆರಳುಗಳು ಓಡುತ್ತಿದ್ದವು. ಸತ್ತು ಎಪ್ಪತ್ತು ವರ್ಷವಾಗುತ್ತ ಬಂದ ಮನುಷ್ಯ ನನ್ನ ಕೋಣೆಯಲ್ಲಿ ನುಡಿಸುತ್ತಿದ್ದರು! ಆಗ ಥಟ್ಟನೆ ಮುತ್ಯಾ ನೆನಪಾದನು. ಎದ್ದು ಟ್ರಂಕು ತೆಗೆದು ನೋಟುಬುಕ್ಕು ನೋಡಿದೆ. ಹನ್ನೆರಡನೆಯ ಪದಕ್ಕೆಂದು ಪುಟದ ಮೇಲೆ ಅಂಕಿ ಮಾತ್ರ ಬರೆದಿಟ್ಟಿದ್ದೆ. ಕಣ್ಣು ಮಂಜಾಯಿತು.

ಮುಂದೆ ಒಮ್ಮೆ ಒಂಬತ್ತನೆಯ ವರ್ಗದಲ್ಲಿ ಈ ಕಥೆ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, “ಸರ್, ಅವರು ರಾಜರು. ರೊಕ್ಕ ಇತ್ತು, ಮಾಡಿದ್ರು. ನಮ್ಮಂಥವರು ಏನ್ ಮಾಡಬೇಕ್ರಿ?” ಎಂದನು. ಪ್ರಶ್ನೆ ಸರಿಯಾದದ್ದೇ. ನಾನು ಉತ್ತರ ಹೇಳದೆ ನೋಟುಬುಕ್ಕನ್ನು ಅವನ ಕೈಗೆ ಕೊಟ್ಟೆ. “ಇದಕ್ಕೆ ಎಷ್ಟು ರೊಕ್ಕ ಬೇಕಾಗಿತ್ತು?” ಎಂದು ಕೇಳಿದೆ. ಅವನು ಸುಮ್ಮನೆ ಪುಟ ತಿರುವಿದನು. ಆರ್ಕೆಸ್ಟ್ರಾ ಕೂಡಿಸಲು ರಾಜನ ಬೊಕ್ಕಸ ಬೇಕು, ನಿಜ. ನನ್ನ ಮುತ್ಯಾನ ಪದಗಳನ್ನು ಉಳಿಸಲು ಮೂವತ್ತು ದಿನದ ಬೇಸರವಿಲ್ಲದ ಸಂಜೆಗಳು ಸಾಕಾಗಿದ್ದವು. ಅವು ನನ್ನ ಹತ್ತಿರ ಇದ್ದವು. ನಾನು ಕೊಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಅದೇ ಹುಡುಗನನ್ನು ಕರೆದುಕೊಂಡು ವಲಾಂಡಿಗೆ ಹೋಗಿದ್ದೆ. ಅಲ್ಲಿ ಮೇಳದವರಲ್ಲಿ ಒಬ್ಬನ ಹೆಂಡತಿ, ಈಗ ಹಣ್ಣಾದ ಮುದುಕಿ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಒಂದು ಪದ ಗುನುಗುತ್ತಿದ್ದಳು. ಅದು ನನ್ನ ಹನ್ನೊಂದರಲ್ಲಿ ಇರಲಿಲ್ಲ! ಕೇಳಿದರೆ, “ನಿಮ್ಮ ಮುತ್ಯಾಂದೇ ನೋಡಪಾ. ಈ ನುಡಿ ಅವ ಎರಡು ಸಲ ಹಾಡ್ತಿದ್ದ” ಎಂದಳು. ಮೂರು ನುಡಿ ನೆನಪಿದ್ದವು, ನಾಲ್ಕನೆಯದು ಬರಲಿಲ್ಲ. ಹುಡುಗ ಮೊಬೈಲಿನಲ್ಲಿ ಅವಳ ದನಿಯನ್ನು ಹಿಡಿದುಕೊಂಡನು. ರೊಟ್ಟಿ ಬಡಿಯುವ ಸದ್ದೂ ಅದರಲ್ಲಿ ತಾಳದಂತೆ ಕೂಡಿಕೊಂಡಿದೆ. ಬರಹ ಮಾತ್ರ ನನ್ನದು. ನಾಲ್ವತ್ತು ವರ್ಷಗಳ ಮೇಲೆ ಖಾಲಿ ಇದ್ದ ಆ ಪುಟದಲ್ಲಿ ಮೂರು ನುಡಿ ಬರೆದು, ನಾಲ್ಕನೆಯದಕ್ಕೆ ಜಾಗ ಬಿಟ್ಟಿದ್ದೇನೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ಅಜ್ಜಿ ಬೀಸುವಾಗ ಕಲಿತ ಹಾಡು ಇರಬಹುದು, ಮುತ್ಯಾ ಕೋಲಾಟದಲ್ಲಿ ಹೇಳಿದ ಪದ ಇರಬಹುದು. ನಿಮಗೆ ಕನ್ನಡ ಬರೆಯಲು ಬರುತ್ತದೆ. ಇವತ್ತು ಸಂಜೆ ಕೇಳಿ ಬರೆದುಕೊಳ್ಳಿರಿ. ಪಾಲಕರಲ್ಲಿಯೂ ಒಂದು ವಿನಂತಿ: ಮಕ್ಕಳು ಕೇಳಲು ಬಂದರೆ “ನಾಳೆ ಹೇಳ್ತೀನಿ” ಎನ್ನಬೇಡಿರಿ.