ಗೋಣಿತಟ್ಟಿನ ಸಹ್ಯಾದ್ರಿ

ಅಳವಿ ಎಂದರೆ ನಮ್ಮ ಮನೆಯಲ್ಲಿ ಬಾಣಂತಿಯರ ಆಸ್ತಿ. ಎಳ್ಳಿಗಿಂತ ಸಣ್ಣಗೆ, ಕೆಂಪಗೆ ಇರುವ ಆ ಕಾಳನ್ನು ಅಜ್ಜಿ ಧಾರವಾಡದಿಂದ ಪುಣೆಗೆ ಬರುವಾಗ ಹಿತ್ತಾಳೆ ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಯಾರ ಮಗಳು ಯಾವಾಗ ಹಡೆಯುತ್ತಾಳೋ, ಪಾಯಸಕ್ಕೆ, ಉಂಡಿಗೆ ಇರಲಿ ಎಂದು. ಆ ಡಬ್ಬಿಯಿಂದ ನಾನು ವರ್ಷಕ್ಕೊಮ್ಮೆ, ದೀಪಾವಳಿ ಇನ್ನೊಂದು ವಾರ ಇದೆ ಎನ್ನುವಾಗ, ಎರಡು ಹಿಡಿ ಕದಿಯುತ್ತಿದ್ದೆ. ತಿನ್ನಲಿಕ್ಕಲ್ಲ, ಬಿತ್ತಲಿಕ್ಕೆ.

ಪುಣೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಅಲ್ಲಿ ದೀಪಾವಳಿ ಎಂದರೆ ಮಕ್ಕಳಿಗೆ ಮೊದಲು ಕಿಲ್ಲಾ, ಆಮೇಲೆ ಪಟಾಕಿ, ಆಮೇಲೆ ಚಕ್ಕಲಿ. ಸಹಾಮಾಹಿ ಎಂಬ ಅರ್ಧವಾರ್ಷಿಕ ಪರೀಕ್ಷೆಯ ಕೊನೆಯ ಪೇಪರು ಮುಗಿಸಿ ಬಂದವರು ಪಾಟಿಚೀಲ ಎಸೆದು ನೇರವಾಗಿ ಮಣ್ಣಿಗೆ ಕೈ ಹಾಕುವುದು. ಅಂಗಳದ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ, ಬಾವಿಕಟ್ಟೆಯ ಪಕ್ಕ, ಎಲ್ಲಿ ಎರಡು ಮೊಳ ಜಾಗ ಸಿಕ್ಕರೂ ಅಲ್ಲೊಂದು ಕೋಟೆ ಏಳಬೇಕು. ಶಿವಾಜಿ ಮಹಾರಾಜರು ಹುಡುಗರಾಗಿ ಬೆಳೆದ ಊರು, ಅವರಿದ್ದ ಲಾಲ್ ಮಹಲಿನ ಜಾಗಕ್ಕೆ ನಮ್ಮ ಸದಾಶಿವ ಪೇಠೆಯಿಂದ ನಡೆದೇ ಹೋಗಬಹುದು. ಸುತ್ತ ನೋಡಿದರೆ ಸಿಂಹಗಡ, ರಾಜಗಡ, ತೋರಣಾ, ಪುರಂದರ. ಇಂಥ ಊರಿನಲ್ಲಿ ಮಕ್ಕಳು ಮರಳಿನಲ್ಲಿ ಗುಬ್ಬಿಗೂಡು ಕಟ್ಟಿ ಸುಮ್ಮನಿರುತ್ತಾರೆಯೇ?

ನಾವಿದ್ದದ್ದು 13 ಬಿಡಾರಗಳ ಒಂದು ವಾಡೆಯಲ್ಲಿ. ನಮ್ಮದೊಂದೇ ಕನ್ನಡದ ಮನೆ. ಹುಡುಗರು ಕಿಲ್ಲಾ ಕಟ್ಟಬೇಕು, ಹುಡುಗಿಯರು ಅದರ ಮುಂದೆ ರಂಗೋಲಿ ಹಾಕಬೇಕು ಎಂಬ ಅಲಿಖಿತ ಕಾಯಿದೆ ಇತ್ತು. ನನ್ನ ರಂಗೋಲಿ ಎಂದೂ ನೆಟ್ಟಗೆ ಬರಲಿಲ್ಲ. ಎಂಟನೆಯ ವಯಸ್ಸಿಗೇ ಹುಡುಗರು ನನ್ನನ್ನು ಮಣ್ಣು ಕಲಸಲು ಸೇರಿಸಿಕೊಂಡರು. ಒಂದೆರಡು ವರ್ಷದಲ್ಲಿ ನಾನು ಹೇಳಿದಂತೆ ಅವರು ಕಲಸತೊಡಗಿದರು.

ಕಿಲ್ಲಾದ ಗುಟ್ಟೆಲ್ಲ ಇರುವುದು ಗೋಣಿತಟ್ಟಿನಲ್ಲಿ. ಬರೀ ಮಣ್ಣು ಪೇರಿಸಿದರೆ ಅದು ಹುತ್ತ ಆಗುತ್ತದೆ, ಬೆಟ್ಟ ಆಗುವುದಿಲ್ಲ. ಒಳಗೆ ಇಟ್ಟಿಗೆ, ಒಡಕು ಗಡಿಗೆ, ಸೀಮೆಎಣ್ಣೆಯ ಹಳೇ ಡಬ್ಬ ಇಂಥವನ್ನು ಏರುತಗ್ಗಾಗಿ ಪೇರಿಸಬೇಕು. ಆಮೇಲೆ ಮಣ್ಣಿಗೆ ನೀರು ಸುರಿದು ಅಂಬಲಿಯ ಹದಕ್ಕೆ ರಾಡಿ ಮಾಡಿ, ಗೋಣಿಯನ್ನು ಅದರಲ್ಲಿ ಅದ್ದಿ ಇಡೀ ಪೇರಿಕೆಯ ಮೇಲೆ ಹೊದಿಸಬೇಕು. ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ: ಹಾಸಿಗೆಯ ಚಾದರದಂತೆ ಅದನ್ನು ಎಳೆದು ನೀಟು ಮಾಡುತ್ತಾರೆ. ಎಳೆಯಬಾರದು. ಹೇಗೆ ಬಿತ್ತೋ ಹಾಗೆ ಬಿಡಬೇಕು. ಒದ್ದೆ ಗೋಣಿ ತನ್ನ ಭಾರಕ್ಕೆ ತಾನೇ ಜೋತು ಬಿದ್ದಾಗ ಮೂಡುವ ಮಡಿಕೆಗಳಿವೆಯಲ್ಲ, ಅವೇ ಸಹ್ಯಾದ್ರಿ. ಸಿಂಹಗಡದ ಕಡೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿ, ಬೆಟ್ಟದ ಮೈಮೇಲೆ ಮೇಲಿಂದ ಕೆಳಗಿಳಿದ ಅದೇ ನೆರಿಗೆಗಳು ಕಾಣುತ್ತವೆ. ದೇವರೂ ಗೋಣಿತಟ್ಟನ್ನೇ ಬಳಸಿರಬೇಕು ಎಂದು ನನಗೆ ಆಗ ಖಾತ್ರಿಯಿತ್ತು.

ಮಣ್ಣಿನ ವಿಷಯದಲ್ಲಿ ನಾನು ಹುಡುಗರಿಗಿಂತ ಒಂದು ಹೆಜ್ಜೆ ಮುಂದಿದ್ದೆ. ಮುಠಾ ನದಿಯ ದಂಡೆಯಿಂದ ತರುವ ಕಪ್ಪು ಮಣ್ಣು ಕೈಗೆ ಬೆಣ್ಣೆ. ಆದರೆ ಒಣಗಿದ ಮೂರನೇ ದಿನ ಕೋಟೆಯ ತುಂಬ ಬಿರುಕು. ಎರೆಸೀಮೆಯಿಂದ ಬಂದವರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. "ಎರಿಮಣ್ಣು ಒಂದ ಇದ್ರ ಬಾಯಿ ಬಿಡ್ತದ, ಕೆಮ್ಮಣ್ಣು ಕೂಡಸು" ಎಂದು ಅಜ್ಜಿ ಚಕ್ಕಲಿ ಒತ್ತುತ್ತಲೇ ಹೇಳಿದ್ದಳು. ಎರಡು ಬುಟ್ಟಿ ಕೆಂಪು, ಒಂದು ಬುಟ್ಟಿ ಕಪ್ಪು, ಒಂದು ಹಿಡಿ ಕತ್ತರಿಸಿದ ಹುಲ್ಲು. ಈ ಅಳತೆಯನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಇವತ್ತು ಮೊದಲ ಸಲ ಹೇಳುತ್ತಿದ್ದೇನೆ.

ಬೆಟ್ಟ ಎದ್ದ ಮೇಲೆ ಉಳಿದದ್ದು ಕುಸುರಿ ಕೆಲಸ. ಬುರುಜಿಗೆ ಚಹದ ಕಪ್ಪು ಬೋರಲು ಹಾಕಿ ಮಾಡಿದ ಅಚ್ಚು. ಮೆಟ್ಟಿಲು ಕೊರೆಯಲು ಕಡ್ಡಿಪೆಟ್ಟಿಗೆಯ ಅಂಚು. ಗುಹೆ ಒಂದು ಇರಲೇಬೇಕು, ಅದರ ಬಾಯಲ್ಲಿ ಹುಲಿಯೂ ಇರಲೇಬೇಕು; ಆ ಹುಲಿ ಮಹಾದ್ವಾರಕ್ಕಿಂತ ದೊಡ್ಡದಾದರೂ ಯಾರೂ ಕೇಳುತ್ತಿರಲಿಲ್ಲ. ಕಸಬಾ ಪೇಠೆಯ ಕುಂಭಾರವಾಡೆಯಲ್ಲಿ ಸಿಗುತ್ತಿದ್ದ ಮಣ್ಣಿನ ಗೊಂಬೆಗಳ ಅಳತೆಯೇ ಹಾಗಿತ್ತು. ಗೇಣುದ್ದದ ಮಹಾರಾಜರು ಸಿಂಹಾಸನದ ಸಮೇತ ತುದಿಗೆ ಕೂತರೆ ಕೋಟೆಯ ನೆತ್ತಿಯ ಬಾಲೇಕಿಲ್ಲಾ ಅವರ ಕಾಲ ಕೆಳಗೆ ಮಣೆಯಷ್ಟು ಕಾಣುತ್ತಿತ್ತು. ಅವರ ಸುತ್ತ ಮಾವಳೆ ಸೈನಿಕರು, ತುತೂರಿಯವನು, ತಲೆಯ ಮೇಲೆ ಗಡಿಗೆ ಹೊತ್ತ ಗೌಳಣಿ, ಜೊತೆಗೆ ಯಾವನೋ ಚಿಕ್ಕ ತಮ್ಮ ಅತ್ತನೆಂದು ಇಟ್ಟ ಒಂದು ತಗಡಿನ ಅಂಬಾಸಡರ್ ಕಾರು. ಕಾರಂಜಿಯ ಕೆಲಸ ನನ್ನದು. ದವಾಖಾನೆಯಿಂದ ಬೇಡಿ ತಂದ ಸಲೈನ್ ನಳಿಕೆ, ಮೇಲಿನ ಮಜಲಿನ ಗ್ಯಾಲರಿಯಲ್ಲಿ ಬಕೀಟು, ತುದಿಗೆ ಬಾಲ್‌ಪೆನ್ನಿನ ಖಾಲಿ ಕಾಂಡಿಯ ಮೂತಿ. ಬಕೀಟು ಎಷ್ಟು ಎತ್ತರದಲ್ಲಿದೆಯೋ ನೀರು ಅಷ್ಟು ಚಿಮ್ಮುತ್ತದೆ ಎಂಬುದನ್ನು ಶಾಲೆಯಲ್ಲಿ ಕಲಿಸುವ ಎರಡು ವರ್ಷ ಮೊದಲೇ ನಾನು ವಾಡೆಯ ಒಬ್ಬ ಕಾಕುವಿನ ಬೈಗುಳದೊಂದಿಗೆ ಕಲಿತಿದ್ದೆ.

ಕೊನೆಗೆ ಬಿತ್ತನೆ. ಸಾಸಿವೆ ಚೆಲ್ಲುವವರಿದ್ದರು, ಗೋಧಿ ಚೆಲ್ಲುವವರಿದ್ದರು. ಇಳಿಜಾರಿನ ಮೇಲೆ ಅವೆಲ್ಲ ಉರುಳಿ ಬುಡಕ್ಕೆ ಬಂದು ಕೂಡುತ್ತವೆ; ಕೋಟೆ ಬೋಳು, ಕಂದಕದಲ್ಲಿ ಕಾಡು. ಅಳವಿಗೆ ನೀರು ತಾಗಿದ ಗಳಿಗೆಯಲ್ಲೇ ಮೈಸುತ್ತ ಲೋಳೆ ಬರುತ್ತದೆ, ಕಡಿದಾದ ಗೋಡೆಗೂ ಅಂಟಿಕೊಳ್ಳುತ್ತದೆ. ದೀಪಾವಳಿ ಶುರುವಾಗುವ ವಸುಬಾರಸಿನ ಮುಂಚೆ ಚೆಲ್ಲಿ, ಅಂಗೈಯಿಂದ ನೀರು ಚಿಮುಕಿಸುತ್ತ ಬಂದರೆ ಎರಡು ಮೂರು ದಿನಕ್ಕೆ ಬಿಳಿ ಮೂತಿ, ನರಕ ಚತುರ್ದಶಿಯ ನಸುಕಿಗೆ ಎಣ್ಣೆ ಹಚ್ಚಿಸಿಕೊಂಡು ಹೊರಗೆ ಬಂದು ನೋಡಿದರೆ ಪಣತಿಯ ಬೆಳಕಿನಲ್ಲಿ ಇಡೀ ಬೆಟ್ಟ ಹಸಿರು. ಎಸಳಿನ ತುದಿಗೆ ನೀರಿನ ಹನಿ. ಆ ಹಸಿರಿಗೆ ಮೂಗು ತಾಗಿಸಿದರೆ ಒಂಥರಾ ಖಾರದ ವಾಸನೆ. ಅಷ್ಟೊತ್ತಿಗೆ ಒಳಗೆ ಅಜ್ಜಿ ಡಬ್ಬಿ ಅಲ್ಲಾಡಿಸಿ ನೋಡಿರುತ್ತಿದ್ದಳು. "ಯಾವ ಬಾಣಂತಿ ಬಂದು ತಿಂದು ಹೋದ್ಲ ತಂಗೀ?"

ಅಪ್ಪನಿಗೆ ಒಂದು ಹಟ: ನೋಡದೆ ಮಾಡಬಾರದು. ಹಾಗಾಗಿ ಸಿಂಹಗಡ ಕಟ್ಟುವ ವರ್ಷ ನಮ್ಮನ್ನು ಸಿಂಹಗಡಕ್ಕೆ ನಡೆಸಿದ. ಆತಕರವಾಡಿಯಿಂದ ಏರಿ, ಪುಣೆ ದರವಾಜಾ ದಾಟಿ, ದೇವಟಾಕೆಯ ತಣ್ಣನೆ ನೀರು ಕುಡಿದು, ಪಿಠಲೆ ಭಾಕ್ರಿ, ಕುಡಿಕೆಯ ಮೊಸರು ತಿಂದೆವು. 1670ರ ಫೆಬ್ರುವರಿಯ ರಾತ್ರಿ ಕೋಟೆ ಗೆಲ್ಲಲು ಮಹಾರಾಜರ ಸರದಾರ ತಾನಾಜಿ ಮಾಲುಸರೆ ಏರಿದ ಕಡಿದಾದ ಬಂಡೆಯನ್ನು ಬಗ್ಗಿ ನೋಡಿ ನನ್ನ ಹೊಟ್ಟೆಯಲ್ಲಿ ಕಲಕಿತು. ಉಡಕ್ಕೆ ಹಗ್ಗ ಕಟ್ಟಿ ಏರಿದರೆಂಬ ಕಥೆಯನ್ನು ಅಪ್ಪ ನಂಬುತ್ತಿರಲಿಲ್ಲ. ನಾವು ಮಾತ್ರ ಮಣ್ಣಿನ ಉಡ ಮಾಡಿ, ಅಮ್ಮನ ಹೊಲಿಗೆ ದಾರ ಕಟ್ಟಿ, ಗೋಣಿಯ ಮಡಿಕೆಗೆ ಅಂಟಿಸಿದೆವು. ಇತಿಹಾಸದಲ್ಲಿ ಇರಲಿ ಬಿಡಲಿ, ಕಿಲ್ಲಾದಲ್ಲಿ ಉಡ ಬೇಕು.

1976ರ ಬೇಸಿಗೆಯಲ್ಲಿ ಮೀರಜಿನಲ್ಲಿ ಗಾಡಿ ಬದಲಿಸಿ, ಹುಬ್ಬಳ್ಳಿಯಲ್ಲಿ ಎರಡು ದಿನ ಇದ್ದು, ಸೋದರಮಾವನ ಊರು ಚಿತ್ರದುರ್ಗಕ್ಕೆ ಹೋದೆವು. ನನಗೆ 12 ವರ್ಷ. ಏಳು ಸುತ್ತಿನ ಕೋಟೆ ಎಂದು ಮಾವ ದಾರಿಯುದ್ದಕ್ಕೂ ಹೊಗಳಿದ್ದ. ನನಗೆ ಸುತ್ತುಗಳ ಲೆಕ್ಕ ಉಳಿಯಲಿಲ್ಲ. ಉಳಿದದ್ದು ಒಂದು ಕಿಂಡಿ. ಒಬ್ಬರೇ ಮೈ ಮುದುರಿಕೊಂಡು ತೂರಬೇಕಾದ ಬಂಡೆಯ ಸಂದು. ಹೈದರಾಲಿಯ ಸಿಪಾಯಿಗಳು ಅದರಲ್ಲಿ ಒಬ್ಬೊಬ್ಬರಾಗಿ ತೂರುವಾಗ, ಗಂಡ ಉಣ್ಣಲು ಕೂತಿದ್ದನೆಂದು ನೀರಿಗೆ ಬಂದ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತ ಜಾಗ. 'ನಾಗರಹಾವು' ಸಿನಿಮಾ ಬಂದು ಮೂರು ವರ್ಷ ದಾಟಿತ್ತು, ಓಬವ್ವ ಎಂದರೆ ಎಲ್ಲರ ಕಣ್ಣಿಗೂ ಜಯಂತಿಯೇ ಬರುತ್ತಿದ್ದಳು. ನಾನು ಕಿಂಡಿಯೊಳಗೆ ಎರಡು ಸಲ ತೂರಿದೆ. ಮೂರನೆಯ ಸಲ ಅಮ್ಮ ಜಡೆ ಹಿಡಿದು ಎಳೆದಳು. ಆ ಹೊತ್ತಿಗೇ ಆ ವರ್ಷದ ಕಿಲ್ಲಾ ಯಾವುದೆಂದು ತೀರ್ಮಾನವಾಗಿತ್ತು.

ಅಕ್ಟೋಬರಿನಲ್ಲಿ ಕೆಲಸ ಶುರು ಮಾಡಿದ ಮೊದಲ ದಿನವೇ ಕೈ ಕಟ್ಟಿಹೋಯಿತು. ಗೋಣಿ ಹೊದಿಸಿದೆ, ಸಹ್ಯಾದ್ರಿ ಬಂತು. ತೆಗೆದು ಮತ್ತೆ ಹೊದಿಸಿದೆ, ಮತ್ತೆ ಸಹ್ಯಾದ್ರಿ. ದುರ್ಗದ ಬೆಟ್ಟಕ್ಕೆ ಮಡಿಕೆಯೇ ಇಲ್ಲ! ಅಲ್ಲಿ ಇರುವುದೆಲ್ಲ ಗುಂಡು ಬಂಡೆ. ಯಾರೋ ಆಡುತ್ತ ಆಡುತ್ತ ಒಂದರ ಮೇಲೊಂದು ಇಟ್ಟು ಎದ್ದು ಹೋದಂತೆ. ಪುಣೆಯ ಕರಿಕಲ್ಲು ಬೇರೆ, ದುರ್ಗದ ಕಣಶಿಲೆ ಬೇರೆ ಎಂದು ಭೂಗೋಳದ ಪುಸ್ತಕದಲ್ಲಿ ಓದಿ ಮರೆತದ್ದು ಆಗ ಕೈಬೆರಳಿಗೆ ತಿಳಿಯಿತು. ಮಂಕಾಗಿ ಒಳಗೆ ಬಂದರೆ ಅಜ್ಜಿ ಬೇಸನ್ ಉಂಡಿ ಕಟ್ಟುತ್ತ ಕೂತಿದ್ದಳು. ಪರಾತದಲ್ಲಿ ಸಾಲಾಗಿ ಇಟ್ಟದ್ದು ಸಾಲದೆ ಒಂದರ ಮೇಲೊಂದು ಪೇರಿಸಿದ್ದಳು. ನಾನು ನೋಡುತ್ತಲೇ ನಿಂತೆ. ಆ ಪರಾತದಲ್ಲಿತ್ತು ಚಿತ್ರದುರ್ಗ.

ಎರಡು ದಿನ ಮಣ್ಣಿನ ಉಂಡಿ ಕಟ್ಟಿದೆ. ನಿಂಬೆಯಷ್ಟು, ಬಟಾಟೆಯಷ್ಟು, ತೆಂಗಿನಕಾಯಿಯಷ್ಟು. ನಡುನಡುವೆ ನದಿಯ ನುಣುಪು ಕಲ್ಲು. ಸಂದಿನಲ್ಲಿ ಅಳವಿ. "ನಾನೂ ಉಂಡೀ ಕಟ್ಟೂದು, ನೀನೂ ಉಂಡೀ ಕಟ್ಟೂದು, ತಿನ್ನಾವ್ರು ಯಾರು?" ಎಂದು ಅಜ್ಜಿ ನಕ್ಕಳು. ತೆಂಗಿನ ಚಿಪ್ಪು ಎರಡು ಹೂತು ಅಕ್ಕತಂಗಿ ಹೊಂಡ ಮಾಡಿದೆ. ಏಳು ಸುತ್ತು ಹಿಡಿಸಲಿಲ್ಲ, ಮೂರಕ್ಕೆ ನಿಲ್ಲಿಸಿದೆ.

ತೊಂದರೆ ಬಂದದ್ದು ಓಬವ್ವನದು. ಕುಂಭಾರವಾಡೆಯಲ್ಲಿ ಒನಕೆ ಹಿಡಿದ ಹೆಂಗಸು ಎಂದು ಕೇಳಿದರೆ ಅಂಗಡಿಯಾಕೆ ನನ್ನ ಮುಖವನ್ನೇ ನೋಡಿದಳು. ಕೊನೆಗೆ ಒಬ್ಬ ಗೌಳಣಿಯನ್ನು ಕೊಂಡು, ತಲೆಯ ಮೇಲಿನ ಗಡಿಗೆಯನ್ನು ನಾಜೂಕಾಗಿ ಕುಟ್ಟಿ ತೆಗೆದು, ಕೈಗೆ ಮೋಟು ಪೆನ್ಸಿಲ್ ಅಂಟಿಸಿದೆ. ಹೈದರನ ಸಿಪಾಯಿಗಳಾಗಿ ಮಾವಳೆಯರನ್ನು ನಿಲ್ಲಿಸಿದ್ದೇ ತಡ, ವಾಡೆಯಲ್ಲಿ ಗದ್ದಲ. "ನಮ್ಮ ಮಾವಳೆಯರು ಅವನ ಚಾಕರಿಗೆ ಹೋಗುತ್ತಾರಾ?" ಎಂದು ಹುಡುಗರು ಮುಷ್ಕರ ಹೂಡಿದರು. ಅವರ ಮಾತಲ್ಲಿ ನ್ಯಾಯವಿತ್ತು. ಗೋಲಿಯಷ್ಟು ಮಣ್ಣಿನ ತಲೆಗಳನ್ನು ಮಾಡಿ ಕಿಂಡಿಯ ಬಾಯಲ್ಲಿ ಸಾಲಾಗಿ ಇಟ್ಟೆ. ಹೇಗೂ ಓಬವ್ವನಿಗೆ ಕಾಣಿಸಿದ್ದು ತಲೆಗಳು ಮಾತ್ರವೇ.

ಕೆಳಗಿನ ಬಿಡಾರದ ಆಜೋಬಾ, ನಿವೃತ್ತ ಇತಿಹಾಸ ಮಾಸ್ತರರು, ಕೋಲೂರಿಕೊಂಡು ಬಂದು "ಹಾ ಕುಠಲಾ ಕಿಲ್ಲಾ?", ಇದು ಯಾವ ಕೋಟೆ, ಎಂದರು. ನನ್ನ ಮರಾಠಿಯಲ್ಲಿ ಪೂರ್ತಿ ಕಥೆ ಹೇಳಿಸಿಕೊಂಡರು. ಮರುದಿನದಿಂದ ನೋಡಲು ಬಂದವರಿಗೆಲ್ಲ ಅವರೇ ನಿಂತು ಓಬವ್ವನ ಕಥೆ ಹೇಳತೊಡಗಿದರು, ನನಗಿಂತ ಚೆನ್ನಾಗಿ. ಅವರದೊಂದೇ ಕರಾರು: ತುದಿಯಲ್ಲಿ ಮಹಾರಾಜರು ಇರಲೇಬೇಕು. "ಇರ್ಲಿ ಬಿಡ, ಅವ್ರು ನಮ್ಮ ಕಡೀನೂ ಬಂದಿದ್ರು" ಎಂದಳು ಅಜ್ಜಿ. ಬೆಳವಡಿ ಮಲ್ಲಮ್ಮ ಅವರ ದಂಡಿನ ಎದುರು ಹೋರಾಡಿದ್ದು, ಆಮೇಲೆ ಮಹಾರಾಜರು ಆಕೆಯನ್ನು ಮನ್ನಿಸಿದ್ದು, ಧಾರವಾಡದ ಹತ್ತಿರದ ಯಾದವಾಡದಲ್ಲಿ ಮಲ್ಲಮ್ಮ ಕೆತ್ತಿಸಿದಳೆಂದು ಹೇಳುವ ಮಹಾರಾಜರ ಉಬ್ಬುಚಿತ್ರದ ಕಲ್ಲು ಇರುವುದು, ಎಲ್ಲ ಅವತ್ತು ನಾನು ಮೊದಲ ಸಲ ಕೇಳಿದ್ದು. ಅಜ್ಜಿ ಕನ್ನಡದಲ್ಲಿ ಹೇಳಿದಳು, ನಾನು ಮರಾಠಿ ಮಾಡಿದೆ, ಆಜೋಬಾ ಕಣ್ಣು ಮುಚ್ಚಿ ಕೇಳಿದರು. ಹೀಗೆ ಆ ವರ್ಷ ಛತ್ರಪತಿಗಳು ಚಿತ್ರದುರ್ಗದ ನೆತ್ತಿಯ ಮೇಲೆ ಸಿಂಹಾಸನ ಹಾಕಿಕೊಂಡು ಕೂತರು. ಕೆಳಗೆ ಓಬವ್ವ ತನ್ನ ಪಾಡಿಗೆ ತಾನು ಪೆನ್ಸಿಲ್ ಎತ್ತಿದ್ದಳು.

ಓಣಿಯ ಸ್ಪರ್ಧೆಯಲ್ಲಿ ನಮಗೆ ಮೂರನೆಯ ಬಹುಮಾನ, ಒಂದು ಕಂಪಾಸ್ ಪೆಟ್ಟಿಗೆ. ಕಾರಂಜಿಗೆ ಪೂರ್ತಿ ಅಂಕ ಬಂದಿತ್ತಂತೆ. ಬೆಟ್ಟಕ್ಕೆ ಕಡಿಮೆ. ಅದು ಸಹಜವಾಗಿಲ್ಲ, ಲಾಡು ಪೇರಿಸಿಟ್ಟಂತಿದೆ ಎಂದು ಪರೀಕ್ಷಕರೊಬ್ಬರು ಹೇಳಿದರು. ನಾನು ವಾದ ಮಾಡಲಿಲ್ಲ. ಲಾಡು ಎಂದು ಅವರು ಸರಿಯಾಗಿಯೇ ಗುರುತಿಸಿದ್ದರು.

ತುಳಸಿ ಲಗ್ನ ಮುಗಿದ ಮೇಲೆ ಕೋಟೆ ಉಳಿಯಬಾರದು. ಹುಡುಗರು ಸುರಂಗದೊಳಗೆ ಸುತಳಿ ಬಾಂಬು ಇಟ್ಟು ಉಡಾಯಿಸುತ್ತಿದ್ದರು. ಇದನ್ನು ಕ್ರೂರವೆಂದು ಅಂದುಕೊಳ್ಳುವವರು ಕಿಲ್ಲಾ ಕಟ್ಟಿದವರಲ್ಲ. ಅಷ್ಟು ಹೊತ್ತಿಗೆ ಅಳವಿ ಹಳದಿಗೆ ತಿರುಗಿರುತ್ತದೆ, ಬುರುಜು ಬೆಕ್ಕಿನ ಪಾಲಾಗಿರುತ್ತದೆ, ಮಹಾರಾಜರು ಮತ್ತೆ ಅರಿವೆಯಲ್ಲಿ ಸುತ್ತಿಕೊಂಡು ಅಟ್ಟ ಸೇರಿರುತ್ತಾರೆ. ಢಂ ಎಂದ ಮೇಲೆ ಅಮ್ಮ ಬುಟ್ಟಿ ತಂದು ಮಣ್ಣನ್ನು ತುಳಸಿ ಕಟ್ಟೆಗೆ, ಹೂಕುಂಡಗಳಿಗೆ ಹಾಕುತ್ತಿದ್ದಳು. ಗೋಣಿಯನ್ನು ನಾನು ಬಾವಿಕಟ್ಟೆಯಲ್ಲಿ ಒಗೆದು, ಹಿಂಡಿ, ಒಣಗಿಸಿ ಮಡಿಸಿ ಇಡುತ್ತಿದ್ದೆ. ಒಂದೇ ಗೋಣಿ ಆರು ವರ್ಷ ಬಂತು. ಸಿಂಹಗಡ, ರಾಜಗಡ, ತೋರಣಾ ಎಲ್ಲವೂ ಆ ಒಂದು ಗೋಣಿಯಿಂದಲೇ ಎದ್ದವು. ಮೂಲದಲ್ಲಿ ಅದು ಶೇಂಗಾದ ಚೀಲ.

ಹದಿನೈದಕ್ಕೆ ಅಮ್ಮ "ಈಗ ದೊಡ್ಡಾಕಿ ಆದಿ, ಅಂಗಳದಾಗ ರಾಡಿ ತುಳಿಯೂದು ಸಾಕು" ಎಂದಳು. ಎರಡು ವರ್ಷ ಗ್ಯಾಲರಿಯಲ್ಲಿ ನಿಂತು ಮೇಲಿಂದಲೇ ಹುಕುಂ ಕೊಟ್ಟೆ. ಕಾಲೇಜಿನ ಗೆಳತಿಯರು ಬಂದಾಗ ಕಿಲ್ಲಾದತ್ತ ನೋಡದ ಹಾಗೆ ನಟಿಸಿ, ಅವರು ಹೋದ ಮೇಲೆ ಓಡಿ ಇಳಿದು ಬುರುಜು ಸರಿ ಮಾಡಿದ್ದೂ ಉಂಟು. ಆಮೇಲೆ ಮದುವೆ, ನೌಕರಿ. ವಾಡೆ ಕೆಡವಿ ಅಪಾರ್ಟ್‌ಮೆಂಟು ಬಂತು, ಬಾವಿ ಮುಚ್ಚಿತು.

ಈಗ ನಾನು ಕೋಥರೂಡಿನಲ್ಲಿದ್ದೇನೆ. ದೀಪಾವಳಿ ಬಂತೆಂದರೆ ರಸ್ತೆ ಬದಿಯಲ್ಲಿ ಪ್ಲಾಸ್ಟರಿನ ಸಿದ್ಧ ಕೋಟೆಗಳು ಮಾರಾಟಕ್ಕೆ ಬರುತ್ತವೆ, ಹಸಿರು ಬಣ್ಣವನ್ನೂ ಹೊಡೆದಿರುತ್ತಾರೆ. ತಂದು ಇಟ್ಟರೆ ಆಯಿತು. ನೋಡಲು ಕೆಟ್ಟದಾಗಿರುವುದಿಲ್ಲ. ಮೂಗು ತಾಗಿಸಿದರೆ ಮಾತ್ರ ಸುಣ್ಣದ ವಾಸನೆ. ಹೋದ ವರ್ಷ ಏಳು ವರ್ಷದ ಮೊಮ್ಮಗ ಅಂಥದೊಂದನ್ನು ತೋರಿಸಿ "ಅಜ್ಜಿ, ಇದನ್ನು ಬಾಂಬು ಇಟ್ಟು ಉಡಾಯಿಸಬಹುದಾ?" ಎಂದು ಕೇಳಿದ. ರಕ್ತ ಸರಿಯಾಗಿದೆ ಎನಿಸಿತು.

ಈ ವರ್ಷ ಬಾಲ್ಕನಿಯಲ್ಲಿ ರಾಜಗಡ ಕಟ್ಟುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಪದ್ಮಾವತಿ, ಸುವೇಳಾ, ಸಂಜೀವನಿ ಎಂದು ಬೆಟ್ಟದಿಂದ ಚಾಚಿದ ಮೂರು ಮಾಚಿ, ನಡುವೆ ಬಾಲೇಕಿಲ್ಲಾ. ಕೆಮ್ಮಣ್ಣು ನರ್ಸರಿಯಲ್ಲಿ ಸಿಗುತ್ತದೆ, ಅಳವಿ ಕಿರಾಣಿ ಅಂಗಡಿಯಲ್ಲಿ ನೂರು ಗ್ರಾಮಿನ ಪೊಟ್ಟಣವಾಗಿ ಸಿಕ್ಕಿತು, ಕದಿಯುವ ಕಷ್ಟವಿಲ್ಲ. ಸಿಗದಿರುವುದು ಗೋಣಿ ಒಂದೇ. ನಮ್ಮ ಸುತ್ತಿನ ಅಂಗಡಿಗಳಲ್ಲಿ ಅಕ್ಕಿಯೂ ಸಕ್ಕರೆಯೂ ಪ್ಲಾಸ್ಟಿಕ್ ನೇಯ್ಗೆಯ ಚೀಲದಲ್ಲಿ ಬರುತ್ತವೆ. ಅದನ್ನು ರಾಡಿಯಲ್ಲಿ ಅದ್ದಿದರೆ ರಾಡಿ ಜಾರಿ ಹೋಗುತ್ತದೆ, ಮಡಿಕೆ ನಿಲ್ಲುವುದಿಲ್ಲ. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಸೆಣಬಿನ ಹಳೆಯ ಗೋಣಿಚೀಲವಿದ್ದರೆ ದಯವಿಟ್ಟು ಎಸೆಯಬೇಡಿ. ತೂತಿದ್ದರೂ ನಡೆಯುತ್ತದೆ, ಅಲ್ಲಿ ಗುಹೆ ಮಾಡಿಕೊಳ್ಳುತ್ತೇವೆ.